ಸೇತುವೆ ಎತ್ತಿದ ಹೊತ್ತು

ಮೂವತ್ತೊಂದು ವರ್ಷ ನಾನು ನಿಂತೇ ಇದ್ದೆ
ಮತೊಸಿನ್ಯೋಸಿನ ಮೀನುಡಬ್ಬಿ ಕಾರ್ಖಾನೆಯಲ್ಲಿ.
ಎದುರಿಗೆ ಕಲ್ಲಿನ ಮೇಜು, ಕಾಲಡಿಗೆ ಉಪ್ಪುನೀರು.
ಸಾರ್ಡೀನಿನ ತಲೆ ಚಿವುಟಿ, ಕರುಳು ಎಳೆದು,
ಒಂದರ ಬಾಲ ಎಡಕ್ಕೆ, ಒಂದರದು ಬಲಕ್ಕೆ,
ಐದೈದು ಮಲಗಿಸಿ ಎಣ್ಣೆಗೆ ಕಳಿಸುವುದು.
ಮೀನು ಮಲಗುತ್ತಿತ್ತು. ನಾನು ನಿಂತಿರುತ್ತಿದ್ದೆ.

ಮೊದಲು ಬಂದದ್ದು ಮಂಡಿಯ ಹಿಂದೆ,
ನೂಲಿನೆಳೆಯಂಥದು, ನೇರಳೆ ಬಣ್ಣ.
ರೊಜಾಲ್ವಾ ಹುಟ್ಟಿದ ವರ್ಷ ಅದು ಹಗ್ಗವಾಯಿತು,
ಎರಡನೆಯವನು ಹೊಟ್ಟೆಯಲ್ಲಿದ್ದಾಗ ಗಂಟುಬಿತ್ತು.
ಸಂಜೆಗೆ ಕಾಲೆಂದರೆ ನೆನೆದ ಮರಳಿನ ಚೀಲ.
ನಮ್ಮವ್ವ ಗ್ರಾಸಿಂಡಾ ಎಲೆಕೋಸಿನ ಎಲೆ ಸುತ್ತಿ ಮಲಗುತ್ತಿದ್ದಳು,
ಕಣಕಾಲಿನ ಮಾಯದ ಹುಣ್ಣಿಗೆ, ಹದಿನಾಲ್ಕು ವರ್ಷ.
ಮನೆತನದ ಆಸ್ತಿ ಇದು, ಅಂದುಕೊಂಡಿದ್ದೆ:
ಬೆಳ್ಳಿ ಚಮಚ ಅಕ್ಕನಿಗೆ, ಕಾಲು ನನಗೆ.

ಡಾಕ್ಟರ್ ಟೆಲ್ಮೊ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ
(ಅಲ್ಲೂ ನಿಲ್ಲಿಸಿದ, ನೋಡಿ).
ತೊಡೆಗೆ ತಣ್ಣನೆಯ ಲೋಳೆ ಬಳಿದು ಯಂತ್ರ ಒತ್ತಿದಾಗ
ಪೆಟ್ಟಿಗೆಯೊಳಗಿಂದ ನನ್ನದೇ ರಕ್ತದ ಸದ್ದು,
ಭುಸ್ಸೆಂದು ಏರುವುದು,
ಆಮೇಲೆ, ಯಾರಿಗೂ ಕೇಳಬಾರದೆಂಬಂತೆ, ಜಾರುವುದು.
"ಒಳಗಿನ ಕದ ಮುಚ್ಚುತ್ತಿಲ್ಲ.
ಮೇಲೆ ಹೋದದ್ದು ಮತ್ತೆ ಕೆಳಗೇ ಬರುತ್ತಿದೆ."
ನನ್ನ ಸಂಬಳದ ಕತೆಯೂ ಅದೇ, ಎಂದೆ.
ಅವನು ನಗಲಿಲ್ಲ. ನರ್ಸ್ ನಕ್ಕಳು.

ಕೊಯ್ಯುತ್ತೀರಾ?
ಕೊಯ್ಯುವುದಿಲ್ಲ.
ಆ ಕಾಲದಲ್ಲಿ ಅಕ್ಕನ ತೊಡೆಸಂದು ಸಿಗಿದು
ಬಾವಿಹಗ್ಗ ಎಳೆದಂತೆ ನರ ಎಳೆದಿದ್ದರು, ಆರು ವಾರ ಮಂಚ.
ನನಗೆ ಮಂಡಿಯ ಕೆಳಗೆ ಒಂದು ಚುಚ್ಚು.
ತೆಳ್ಳನೆಯ ತಂತಿ ಒಳಗೆ ಹೋಯಿತು,
ಸುತ್ತಲೂ ತಣ್ಣೀರಿನಂಥ ಮದ್ದು ತುಂಬಿದರು,
ತಂತಿಯ ತುದಿಯಲ್ಲಿ ಬೆಳಕು.
ಆ ಬೆಳಕನ್ನು ಹಿಂದಹಿಂದಕ್ಕೆ, ನಿಧಾನ, ಎಳೆಯುತ್ತ
ನನ್ನ ಹಳೆಯ ದಾರಿಯನ್ನು ಬೆಸೆದು ಮುಚ್ಚಿದ.
ಬಾಯಲ್ಲಿ ಒಂದು ಕ್ಷಣ ಸುಟ್ಟ ಕಬ್ಬಿಣದ ರುಚಿ.

"ಮುಚ್ಚಿದ ನರ ಏನಾಗುತ್ತದೆ?"
"ಮೈಯೇ ಅದನ್ನು ಮೆಲ್ಲಗೆ ತಿಂದು ಮುಗಿಸುತ್ತದೆ."
"ಮತ್ತೆ ರಕ್ತ?"
"ಅದಕ್ಕೆ ಬೇರೆ ದಾರಿ ಗೊತ್ತು."

ನೂಲಿನೆಳೆಗಳು ಉಳಿದಿವೆ. ಅವಕ್ಕೆ ಸಣ್ಣ ಸೂಜಿ, ಹನಿಹನಿ ಮದ್ದು;
ಅದು ಚಂದಕ್ಕೆ, ವಿಮೆ ಕೊಡುವುದಿಲ್ಲ, ಎಂದಳು ನರ್ಸ್.
ಈ ವಯಸ್ಸಿಗೆ ಯಾರು ನೋಡಬೇಕು, ಎಂದೆ.
ಬೆಲೆ ಕೇಳಿಕೊಂಡು ಬಂದೆ.

ಚೀಟಿಯಲ್ಲಿ ಬರೆದದ್ದು: ಬಿಗಿ ಕಾಲುಚೀಲ, ಹಗಲಿಡೀ.
ದಿನಕ್ಕೆ ಅರ್ಧ ಗಂಟೆ ನಡಿಗೆ.
ಕೆಳಗೆ ಎರಡು ಗೆರೆ ಎಳೆದು: ನಿಂತಲ್ಲೇ ನಿಲ್ಲಬಾರದು.
ಇದನ್ನು ಇಷ್ಟು ವರ್ಷ ಯಾರೂ ನನಗೆ ಬರೆದುಕೊಟ್ಟಿರಲಿಲ್ಲ.

ನಡೆದೇ ಹೊರಟೆ ಲೆಸಾ ಕಡೆಗೆ.
ಸೇತುವೆಯ ಬಳಿ ಗಂಟೆ ಬಾರಿಸಿತು, ಕೆಂಪು ದೀಪ,
ಹಡಗಿಗೆ ದಾರಿ ಬಿಟ್ಟು ಎರಡು ರೆಕ್ಕೆ ಮೇಲೆದ್ದವು.
ಎಲ್ಲ ನಿಂತರು: ಸೈಕಲ್ಲು, ಬ್ರೆಡ್ಡಿನ ವ್ಯಾನು, ನಾಯಿ ಹಿಡಿದ ಮುದುಕ.
ನಾನು ಕಂಬದಿಂದ ಕಂಬಕ್ಕೆ, ಮತ್ತೆ ಕಂಬದಿಂದ ಕಂಬಕ್ಕೆ,
ಮೊಟ್ಟೆಗೆ ಜಾಗ ಹುಡುಕುವ ಕೋಳಿಯಂತೆ.
"ಏನಾದರೂ ಕಳೆದುಕೊಂಡಿರಾ ಅಮ್ಮಾ?" ವ್ಯಾನಿನ ಹುಡುಗ.
ಇಲ್ಲಪ್ಪ, ಡಾಕ್ಟರ ಅಪ್ಪಣೆ.
ಮೊದಲು ನಾಯಿ ನನ್ನ ಹಿಂದೆ ಬಂತು,
ಹಗ್ಗದ ಹಿಂದೆ ಮುದುಕ.
ಹಡಗು ದಾಟಿತು.
ರೆಕ್ಕೆಗಳು ಇಳಿದು, ಒಂದಕ್ಕೊಂದು ತಾಗಿ,
ಸರಿಯಾಗಿ ಮುಚ್ಚಿದವು.