ಮುಂದಿನ ಚಕ್ರ

ನಾಳೆ ಶಿವಮೊಗ್ಗದಲ್ಲಿ ಫಲಪುಷ್ಪ ಪ್ರದರ್ಶನ,
ಗುಲಾಬಿ ಸಾಲಿನಾಚೆ ಮಕ್ಕಳದೊಂದು ಮೇಜು.
ಭದ್ರಾವತಿಯ ನನ್ನ ಇಕ್ಕಟ್ಟು ಅಡುಗೆಮನೆಯಲ್ಲಿ
ಗ್ಯಾಸ್ಕೆಟ್ ತೆಗೆದ ಕುಕ್ಕರಿಗೆ ಮರಳು ಹಾಸಿ
ಒಲೆ ಹಚ್ಚಿದ್ದಷ್ಟೇ ನಾನು.
ಫಾರಮ್ಮಿನಲ್ಲಿ ಅಚ್ಚಾಗಿದೆಯಲ್ಲ:
‘ಮಕ್ಕಳೇ ಸ್ವತಃ ಮಾಡಿರತಕ್ಕದ್ದು.’

ರಾಗಿ ಕೇಕು. ಮೊಟ್ಟೆ ಬೇಡ ಎಂದು ಇಂಚರ,
ಬೇಕೇ ಬೇಕು ಎಂದು ಮೇಬಲ್;
ಕೊನೆಗೆ ಮಜ್ಜಿಗೆ, ಸೋಡಾಪುಡಿ,
ಜಗಳದಷ್ಟೇ ನೊರೆ.
ಮುಚ್ಚಳ ತೆಗೀಬೇಡಿ ಅಂದೆ. ತೆಗೆದರು.
ಮೂರು ಸಲ.
ನಡು ಕುಸಿದು ಬಟ್ಟಲಾಯಿತು ಕೇಕು.
‘ಸೀಬೆ ಜಾಮ್ ಸುರಿಯೋಣ,
ಭದ್ರಾ ಡ್ಯಾಮ್ ಅಂತ ಬರೆಯೋಣ!’

ಅತ್ತ ಮೂಲೆಯಲ್ಲಿ ಸುಹಾನ್,
ಎಂಟು ವರ್ಷ, ಮಾತು ಕಮ್ಮಿ,
ಗೋಣಿತಾಟಿನ ಮೇಲೆ ಕೆಂಪು ದಾರದಲ್ಲಿ
ಅಪ್ಪನ ಲೂನಾ ಹೊಲಿಯುತ್ತಿದ್ದ.
ಮುಂದಿನ ಚಕ್ರ ಹಲಸಿನ ಬೀಜದ ಹಾಗೆ.

ಇಪ್ಪತ್ತಾರು ವರ್ಷದ ಟೈಲರು ನಾನು,
ಸೊಟ್ಟ ಹೊಲಿಗೆ ಕಂಡರೆ ಹೆಬ್ಬೆರಳು ತುರಿಸುತ್ತದೆ.
ರಾತ್ರಿ ಎಲ್ಲ ಹೋದ ಮೇಲೆ ಬಿಚ್ಚಿದೆ.
ಲೋಟ ಬೋರಲಿಟ್ಟು ಗೀಟೆಳೆದು
ಮತ್ತೆ ಹೊಲಿದೆ,
ದುಂಡಗೆ, ಯಾರಿಗೂ ಗೊತ್ತಾಗದಂತೆ.

ಬೆಳಿಗ್ಗೆ ಬಂದ. ನೋಡಿದ.
ಬೆರಳಿಂದ ಒಂದು ಸುತ್ತು ಸವರಿದ.
‘ಇದು ನಮ್ದಲ್ಲ ಆಂಟಿ.
ನಮ್ದು ಗುಂಡಿಗೆ ಬಿದ್ದು ಚಕ್ರ ಸೊಟ್ಟ.
ಅಪ್ಪ ಬಂದ್ರೆ
ಸೌಂಡಲ್ಲೇ ಗೊತ್ತಾಗುತ್ತೆ.’

ಏಳೂವರೆ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ.
ಕತ್ತರಿ ಅವನ ಕೈಗಿತ್ತು,
ಸೂಜಿಗೆ ದಾರ ಪೋಣಿಸಿಕೊಟ್ಟು,
ನನ್ನೆರಡೂ ಕೈ
ತೊಡೆಯ ಕೆಳಗಿಟ್ಟುಕೊಂಡು ಕೂತೆ.