ಬಾಗಿಲಲ್ಲಿ ಯಾರೋ ನಿಂತಿದ್ದಾರೆ

ಐದು ದಿನಕ್ಕೊಮ್ಮೆ ನೀರು ಬಿಡ್ತಾರ
ಶಹಾಬಜಾರಿನ ನಮ್ಮ ಓಣಿಗೆ.
ನಾಕನೇ ದಿನ ಕೊಡ ಎಲ್ಲಾ ಖಾಲಿ.
ಖಾಲಿ ಕೊಡದಾಗ ಮಾರಿ ಇಟ್ಟು ಅಂತೀನಿ:
ಪ್ರಭು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ.
ಹಿತ್ತಾಳಿ ಕೊಡ ದನಿ ತಿರುಗಿ ಕೊಡ್ತದ,
ಒಂದೀಟು ದಪ್ಪ ಮಾಡಿ, ಒಂದೀಟು ವಯಸ್ಸು ಹಚ್ಚಿ.
ಪ್ಲಾಸ್ಟಿಕ್ ಕೊಡ ಬರೀ ನುಂಗ್ತದ.

ಇಷ್ಟೇ ನನ್ನ ಮಾತು. ನಾಕು ಶಬ್ದ.
ಕಾಲೇಜಿನ ನೋಟಿಸ್ ಬೋರ್ಡಿನ ಮ್ಯಾಲ ಹಚ್ಚಿದ್ರು:
ನಾಟಕಕ್ಕ ಆಯ್ಕೆ, ಶನಿವಾರ, ರೂಮ್ ನಂಬರ್ ಏಳು,
ಅನುಭವ ಇದ್ದವರು ಹೆಸರಿನ ಮುಂದ ಬರೀರಿ.
ರಾಣಿ ಪಾತ್ರಕ್ಕ ಹದಿನಾಲ್ಕು ಹೆಸರು,
ಮಂತ್ರಿಗೆ ಒಂಬತ್ತು,
ದ್ವಾರಪಾಲಕಗ ಯಾರೂ ಇಲ್ಲ.
ನಾ ಬರ್ದೆ: ಜಗದೇವಿ, ಬಿ.ಕಾಂ. ಮೊದಲನೇ ವರ್ಷ.
ಅನುಭವ ಅನ್ನೋ ಮನಿಯಾಗ ಪೆನ್ನು ನಿಂತೇ ಬಿಡ್ತು.
ಏಳನೇತ್ತೆದಾಗ ಪರದಿ ಹಗ್ಗ ಹಿಡಿದಿದ್ದೆ.
ಅದೂ ಅರ್ಧಕ್ಕ ಸಿಕ್ಕೊಂಡು
ರಾಜಕುಮಾರ ಮೊಣಕಾಲಿನ ತನಕ ಮಾತ್ರ ಜನಕ್ಕ ಕಂಡಿದ್ದ.
ಬರೀಲಿಲ್ಲ. ಒಂದು ಗೀಟು ಎಳದೆ.

ಗ್ವಾಡಿ ಆಚಿಂದ ಖೈರುನ್ನಿಸಾ ಖಾಲಾ ಕೇಳ್ತಾಳ:
"ಯಾರ್ ನಿಂತಾರ, ಬೇಟಿ? ಹಾಲಿನವನಾ, ಫೈನಾನ್ಸಿನವನಾ?
ಫೈನಾನ್ಸಿನವ ಇದ್ರ ನಾನೂ ಇಲ್ಲ ಅಂತ ಹೇಳ್."
ಆಕಿ ಕೇಳಿದ ಮ್ಯಾಲೇ ತಿಳೀತು,
ನನಗ ಗೊತ್ತೇ ಇಲ್ಲ ಬಾಗಿಲದಾಗ ಯಾರದಾರ ಅಂತ.
ವೈರಿಯೋ, ಮಗನೋ, ಸಾವೋ.
ಝೆರಾಕ್ಸ್ ಮಾಡಿದವರು ಮುಂದಿನ ಪುಟ ಬಿಟ್ಟಾರ.

ಸೀನಿಯರ್ ಅಣವೀರ ಹೇಳ್ಯಾನ,
"ನಿಂತಿದ್ದಾರೆ ಅನ್ನು, ನಿಂತಾರ ಅನಬ್ಯಾಡ.
ಅರಮನಿಯಾಗ ಕಲಬುರಗಿ ಮಾತು ನಡೆಯಂಗಿಲ್ಲ."
ಅರಮನಿ ಅಂತ ಅಂವನೇ ಅಂದ.
ನಾ ನಗಲಿಲ್ಲ.

ಅಪ್ಪಗ ಇನ್ನೂ ಹೇಳಿಲ್ಲ.
ಅಪ್ಪ ಹುಮನಾಬಾದ್ ರೋಡಿನ ದಾಲ್ ಮಿಲ್ಲಿಗೆ ರಾತ್ರಿ ವಾಚ್‌ಮನ್.
ಗುರುವಾರ ಅವ್ವನ ಕಾಲು ಬಾತಿತ್ತು, ಬುತ್ತಿ ನಾನೇ ಒಯ್ದೆ.
ಗೇಟಿನ ಲೈಟಿನಾಗ ತೊಗರಿ ಹೊಟ್ಟಿನ ಧೂಳು ಹಾರ್ತಿತ್ತು.
ಲಾರಿ ಹಿಂದ ನಿಂತು ಕಳ್ಳರಂಗ ನೋಡಿದೆ,
ದ್ವಾರಪಾಲಕ ಹ್ಯಾಂಗ ನಿಂದರ್ತಾನ ಅಂತ.

ನಿಂದರೋದೇ ಇಲ್ಲ ಅಂವ.
ಮುರಿದ ಕಾಲಿಗೆ ತಂತಿ ಸುತ್ತಿದ ಕುರ್ಚಿ ಮ್ಯಾಲ ಕುಂತು
ಒಂದು ಪಾದದಿಂದ ಇನ್ನೊಂದು ಪಾದ ತಿಕ್ಕೋತಾನ, ಸೊಳ್ಳಿ.
ಈಟಿ ಇಲ್ಲ, ಪೇಟಾ ಇಲ್ಲ,
ಎದಿ ಮ್ಯಾಲ ದಾರಕ್ಕ ಕಟ್ಟಿದ ಒಂದು ಸೀಟಿ.
ಮಾಲಕರ ಕಾರು ಬಂತು. ಹಾರ್ನ್ ಇಲ್ಲ, ಬರೀ ಲೈಟು ಹೊಡೀತು.
ಅಪ್ಪ ಎದ್ದ.
ಕೈ ಗೇಟಿನ ಅಗಳಿ ಹಿಡದದ,
ಬಲಗಾಲು ಕತ್ತಲದಾಗ ಚಪ್ಪಲಿ ಹುಡುಕ್ತದ,
ಮಾರಿ ಮಾತ್ರ ಕಾರಿನ ಕಡೆ ನೆಟ್ಟಗ,
ಚಪ್ಪಲಿ ಅನ್ನೋದು ಈ ಲೋಕದಾಗ ಇಲ್ಲೇ ಇಲ್ಲ ಅನ್ನೋಹಂಗ.
ಮಾತು? ಒಂದೂ ಇಲ್ಲ.
ನನಗಿಂತ ನಾಕು ಶಬ್ದ ಕಡಿಮಿ.

ಬುತ್ತಿ ಕೊಟ್ಟಾಗ ಕೇಳ್ದ, "ಎಷ್ಟೊತ್ತಾತು ಬಂದು?"
"ಈಗೇ ಬಂದೀನಿ" ಅಂದೆ.
ನಂಬಿದ.

ಶನಿವಾರ ನಸುಕಿನ್ಯಾಗ ನೀರು ಬಂತು.
ಏಳು ಹೊಡಿಯೂದ್ರಾಗ ಕೊಡ ಎಲ್ಲಾ ತುಂಬಿ
ಬಾಯಿ ಮುಚ್ಕೊಂಡು ಸಾಲಾಗಿ ಕುಂತಿದ್ದವು.
ಕಡೀಗೊಮ್ಮೆ ಹೇಳಿ ನೋಡ್ಲಿಕ್ಕ ಒಂದೂ ಖಾಲಿ ಸಿಗಲಿಲ್ಲ.
ನಾಕೂ ಶಬ್ದ ಗಂಟಲದಾಗ ಇಟ್ಕೊಂಡು ಬಸ್ ಹತ್ತಿದೆ.

ರೂಮ್ ನಂಬರ್ ಏಳರ ಹೊರಗ ಶಹಾಬಾದ್ ಕಲ್ಲಿನ ಹಾಸು.
ಹದಿನಾಲ್ಕು ರಾಣಿಯರು ಮೊಬೈಲಿನಾಗ ಮಾರಿ ನೋಡ್ಕೋತ ಕುಂತಾರ,
ಒಬ್ಬಾಕಿ ಅಳೋದು ಕಲೀಲಿಕತ್ತಾಳ,
ಇನ್ನೊಬ್ಬಾಕಿ ಎಲ್ಲಾರಿಗೂ ಶೇಂಗಾ ಹಂಚ್ಲಿಕತ್ತಾಳ.
ಒಳಗಿಂದ ಯಾರೋ ಕೂಗಿದ್ರು, "ದ್ವಾರಪಾಲಕ!"
ಒಬ್ಬಾಕಿನೇ ಎದ್ದೆ.
ಬಾಗಿಲದ ಅಗಳಿ ಮ್ಯಾಲ ಕೈ ಇಟ್ಟು
ಬಲಗಾಲಿನ ಚಪ್ಪಲಿ ಕಳದು
ಹೊಸ್ತಿಲ ಒಳಗ ದೂಡಿದೆ,
ಹುಡುಕಬೇಕಾಗೋವಷ್ಟು ದೂರ.