ದೂರದ ಕಡಲು

ಹಗ್ಗ ಎಂಟು ಮಾರು. ಆ ತುದಿಗೆ ಟಾರ್ಕಿಲ್,
ಅರವತ್ತೆಂಟರ ಪ್ರಾಯ, ಮ್ಯಾಲೇಗ್ ಫೆರಿಯಿಂದ ನಿವೃತ್ತ,
ಹೊಸ ಬೂಟು, ಹಳೇ ಸ್ವೆಟರು,
ಜೇಬಿನಲ್ಲಿ ಕಾಗದ ಸುತ್ತಿದ ಉಪ್ಪುಮೀನು.
ಈ ತುದಿಗೆ ನಾನು. ಇದು ನನ್ನ ಕಸುಬು.
ಇಪ್ಪತ್ತೆರಡು ಬೇಸಿಗೆ ಈ ಕೂಲಿನ್ ಏಣಿನ ಮೇಲೆ
ಯಾರಯಾರದೋ ಭಾರವನ್ನು ಸೊಂಟಕ್ಕೆ ಬಿಗಿದು ನಡೆದವಳು.

ಮೂರು ಊರಿರಲಿ, ಒಂದು ಮಾತ್ರ ಅಲೆಯಲಿ,
ಎಂದೆ, ಎಲ್ಲರಿಗೂ ಹೇಳುವ ಹಾಗೆ:
ಎರಡು ಕಾಲು ಒಂದು ಕೈ, ಇಲ್ಲ
ಎರಡು ಕೈ ಒಂದು ಕಾಲು.
"ಗೊತ್ತು ಶೋನಕ್," ಅಂದ,
"ಒಂದು ಕೈ ನಿನಗೆ, ಒಂದು ಕೈ ಹಡಗಿಗೆ."

ಅರದಂಥ ಕಲ್ಲು. ಮಧ್ಯಾಹ್ನದೊಳಗೆ
ಬೆರಳಚ್ಚು ಸವೆದು ಯಾರೂ ಯಾರೂ ಅಲ್ಲ.
ಒಳಗೆ ಕಬ್ಬಿಣ; ದಿಕ್ಸೂಚಿಯ ಮುಳ್ಳು
ಕುಡಿದವನ ಹಾಗೆ ಒಮ್ಮೆ ಉತ್ತರ, ಒಮ್ಮೆ ಇನ್ನೆತ್ತಲೋ.
ತೋರಿಸಿದೆ. ನಕ್ಕ.
ತನ್ನ ಹಿತ್ತಾಳೆಯದನ್ನು ಹೊರತೆಗೆದ.
ಅದೂ ಸುಳ್ಳಾಡಿತು. ಆಮೇಲೆ ನಗಲಿಲ್ಲ.

ಏಣು ಸಣ್ಣಗಾಗುತ್ತ ಆಗುತ್ತ
ಒಂದು ಕಡೆ ಬರೀ ಗೋಡೆಯ ತಲೆ.
ಕುದುರೆ ಏರಿದವನಂತೆ ಕೂತ,
ಒಂದು ಕಾಲು ಒಂದು ಕಣಿವೆಗೆ, ಮತ್ತೊಂದು ಮತ್ತೊಂದಕ್ಕೆ,
ನಡುವೆ ಮಂಜು. ತೆವಳಿದ, ಗೇಣುಗೇಣಾಗಿ,
ಬಾಯಲ್ಲಿ ಏನೋ ಗೊಣಗುತ್ತ.
ಪ್ರಾರ್ಥನೆಯೋ ಎಂದುಕೊಂಡೆ. ಕಿವಿಗೊಟ್ಟರೆ
ನಿಲ್ದಾಣಗಳ ಹೆಸರು.

ತುದಿಯಲ್ಲಿ ಮಂಜು ಹರಿಯಿತು.
"ಎಲ್ಲಕ್ಕಿಂತ ದೊಡ್ಡದು ಯಾವುದು?"
ಕೈ ಮಾಡಿದೆ. ಬಹಳ ಹೊತ್ತು ನೋಡಿದ.
"ನಾನು ನಲವತ್ತು ವರ್ಷ ಅದರ ಪಕ್ಕದ್ದನ್ನು ತೋರಿಸಿದೆ.
ಜರ್ಮನಿಯವರು, ಹೊಸ ಮದುವೆಯವರು, ಶಾಲೆಮಕ್ಕಳು,
ಎಲ್ಲ ಅದರದೇ ಫೋಟೋ ತೆಗೆದುಕೊಂಡು ಹೋದರು."
ಹತ್ತಿರದ್ದು ದೊಡ್ಡದಾಗಿ ಕಾಣುತ್ತೆ, ಬಿಡು, ಎಂದೆ.
"ಅಲ್ಲಿಂದ ನುಣ್ಣಗಿತ್ತಲ್ಲೇ," ಎಂದ
ತರಚಿದ ಅಂಗೈ ನೋಡಿಕೊಳ್ಳುತ್ತ.

ಮನಸ್ಸು ತಿರುಗಲೆಂದು ಕಡಲು ತೋರಿಸಿದೆ.
ಇಸ್ತ್ರಿ ಮಾಡಿ ಹಾಸಿದಂತಿತ್ತು, ಒಂದು ಸುಕ್ಕಿಲ್ಲ.
ಅಗೋ ಆ ಕರಿಚುಕ್ಕೆ, ಸೀಲುಗಳು ಮಲಗುವ ಬಂಡೆ,
ಬಂದವರಿಗೆಲ್ಲ ತೋರಿಸುತ್ತೇನೆ.

ಟಾರ್ಕಿಲ್ ಕಣ್ಣು ಕಿರಿದು ಮಾಡಿದ.
"ಬಂಡೆಯಲ್ಲ ಅದು. ಎರಡು ನೀರು
ಟಗರಿನ ಹಾಗೆ ತಲೆ ಹಾಯುವ ಜಾಗ.
ಇಳಿತ ಹಿಡಿದಾಗ ಅರ್ಧ ಗಂಟೆ ಕಪ್ಪಗಾಗುತ್ತೆ.
ಸಣ್ಣ ದೋಣಿಯವರು ಅತ್ತ ಸುಳಿಯೋದಿಲ್ಲ."

ಮತ್ತೆ ಸೀಲುಗಳು?

"ನೀನು ನೋಡಿದ್ದೀಯಾ?"

ಮೀನನ್ನು ಎರಡು ಮಾಡಿದ; ಬಾಲದ ಕಡೆಯದು ನನಗೆ.
ತಿಂದು ಕೈ ಒರೆಸಿಕೊಳ್ಳುವಾಗ
ಚುಕ್ಕೆ ಇರಲಿಲ್ಲ.

ಇಳಿಯುವಾಗ ಅವನು ಮುಂದೆ, ನಾನು ಹಿಂದೆ,
ಇದು ಪದ್ಧತಿ: ಜಾರಿದರೆ ಮೇಲಿನವರು ಹಿಡಿಯಬೇಕು.
ಹಗ್ಗ ಬಿಗಿಯಾಗಿತ್ತು. ಯಾರನ್ನು ಯಾರು ಹಿಡಿದದ್ದೆಂದು
ಹಗ್ಗ ಹೇಳುವುದಿಲ್ಲ.

ನಾಳೆ ಲೀಡ್ಸ್‌ನಿಂದ ಇಬ್ಬರು ಬರುತ್ತಾರೆ.
ಆ ಸೀಲುಗಳನ್ನು ಏನು ಮಾಡಲಿ?